ಚೆಲ್ಲದೆ ಉಳಿಸಿದ ಕೆಸರು

ನಾಗಪುರದ ಉತ್ತರಕ್ಕಿರುವ ಕೋರಾಡಿಯಲ್ಲಿ 660 ಮೆಗಾವಾಟ್‌ನ ಮೂರು ಕಲ್ಲಿದ್ದಲು ವಿದ್ಯುತ್ ಘಟಕಗಳಿವೆ. ಟರ್ಬೈನು ತಿರುಗಿಸಿದ ಉಗಿಯನ್ನು ಮತ್ತೆ ನೀರಾಗಿಸಲು ತಣ್ಣೀರು ಬೇಕು. ಆ ತಣ್ಣೀರಿನಲ್ಲಿ ಬಹಳಷ್ಟು ಕೂಲಿಂಗ್ ಟವರಿನಿಂದ ಆವಿಯಾಗಿ ಹೋಗುತ್ತದೆ. ಸ್ಥಾವರವೂ ನೆಚ್ಚಿದ ಪೆಂಚ್ ಜಲಾಶಯದ ನೀರಿಗಾದರೋ ನಾಗಪುರದ ನಲ್ಲಿಗಳೂ ಸುತ್ತಲಿನ ಹೊಲಗಳೂ ಕಾದಿರುತ್ತವೆ. 2008ರಲ್ಲಿ ನಾಗಪುರ ಪಾಲಿಕೆ ಮತ್ತು ಕೋರಾಡಿ ಸ್ಥಾವರ ನಡೆಸುವ ಮಹಾಜೆನ್ಕೊ ಒಂದು ಒಪ್ಪಂದಕ್ಕೆ ಬಂದವು: ಊರಿನ ಚರಂಡಿ ನೀರನ್ನು ಭಾಂಡೇವಾಡಿಯಲ್ಲಿ ಶುದ್ಧಗೊಳಿಸಿ ಕೋರಾಡಿಗೆ ಹರಿಸುವುದು. ಭಾಂಡೇವಾಡಿಯ ಶುದ್ಧೀಕರಣ ಘಟಕದ ಸಾಮರ್ಥ್ಯ ದಿನಕ್ಕೆ 13 ಕೋಟಿ ಲೀಟರ್.

ಇಂಥ ಘಟಕಗಳಲ್ಲಿ ಹೊಲಸನ್ನು ತಿಂದು ತೀರಿಸುವುದು ಸೂಕ್ಷ್ಮಜೀವಿಗಳು. ಅವನ್ನು ದುಡಿಸಿಕೊಳ್ಳುವ ಬಗೆ ಹೊಳೆದ ಕತೆಗೆ ಬೆಂಗಳೂರಿನ ನಂಟೂ ಇದೆ.

ಮ್ಯಾಂಚೆಸ್ಟರಿನ ರಸಾಯನಶಾಸ್ತ್ರಜ್ಞ ಗಿಲ್ಬರ್ಟ್ ಫೌಲರ್ 1912ರಲ್ಲಿ ಅಮೆರಿಕದ ಲಾರೆನ್ಸ್ ಪ್ರಯೋಗಕೇಂದ್ರ ನೋಡಲು ಹೋದರು. ಅಲ್ಲಿ ಚರಂಡಿ ನೀರಿನ ಬಾಟಲಿಗಳಿಗೆ ಗಾಳಿ ಊದುತ್ತಿದ್ದರು. ಪಾಚಿ ಕಟ್ಟಿದ ಬಾಟಲಿಯ ನೀರು ತಿಳಿಯಾಗಿತ್ತು. ಫೌಲರ್ ಮರಳಿ ಬಂದು, ಮ್ಯಾಂಚೆಸ್ಟರಿನ ರಸಾಯನಶಾಸ್ತ್ರಜ್ಞರಾದ ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ ಅವರಿಗೆ ಈ ಪ್ರಯೋಗ ಒಪ್ಪಿಸಿದರು. ಆ ಇಬ್ಬರು ಪಾಚಿ ಬೆಳೆಯದಂತೆ ಬಾಟಲಿಗೆ ಕಂದು ಕಾಗದ ಸುತ್ತಿದರು. ಚರಂಡಿ ನೀರಿನಲ್ಲಿನ ಅಮೋನಿಯ ಪೂರ್ತಿ ನೈಟ್ರೇಟ್ ಆಗಲು ಮೊದಲ ಸಲ ಸುಮಾರು ಐದು ವಾರ ಹಿಡಿಯಿತು. ಅಷ್ಟು ದಿನ ಗಾಳಿ ಊದಿಕೊಂಡು ಕೂರಲು ಯಾವ ಊರಿಗೆ ಸಾಧ್ಯ?

ಆಗ ಅವರು ಮೇಲಿನ ತಿಳಿಯನ್ನಷ್ಟೇ ಬಸಿದು, ತಳದ ಕೆಸರನ್ನು ಹಾಗೇ ಬಿಟ್ಟು, ಅದರ ಮೇಲೆ ಹೊಸ ಚರಂಡಿ ನೀರು ಸುರಿದರು. ಗಾಳಿ ಊದಿದರು. ಮತ್ತೆ ಬಸಿದರು, ಮತ್ತೆ ಸುರಿದರು. ಸಲಸಲಕ್ಕೂ ಅವಧಿ ಕುಗ್ಗುತ್ತ ಬಂದು ಕಡೆಗೆ ಒಂದು ದಿನದೊಳಗೇ ಕೆಲಸ ಮುಗಿಯಿತು. ಎಲ್ಲರೂ ತೊಲಗಿಸಲು ಹೆಣಗುತ್ತಿದ್ದ ಕೆಸರೇ ನಾಳಿನ ಹಾಲಿಗೆ ತೆಗೆದಿಟ್ಟ ಹೆಪ್ಪಿನಂತೆ ದುಡಿದಿತ್ತು! ಶುದ್ಧೀಕರಣದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಹೆಜ್ಜೆ ನನಗೆ ಕಾಣುವುದಿಲ್ಲ. 1914ರ ಏಪ್ರಿಲ್ 3ರಂದು ಮ್ಯಾಂಚೆಸ್ಟರಿನಲ್ಲಿ, ರಾಸಾಯನಿಕ ಉದ್ಯಮದವರ ಸಂಘದ ಸಭೆಯಲ್ಲಿ ಇಬ್ಬರೂ ಇದನ್ನು ಮಂಡಿಸಿದರು. ‘ಆಕ್ಟಿವೇಟೆಡ್ ಸ್ಲಡ್ಜ್’ ಎಂಬ ಹೆಸರು ನಿಂತಿತು.

ಫೌಲರ್ 1916ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ, ಪ್ರಾಧ್ಯಾಪಕರಾಗಿ ಬಂದರು. 1921ರಲ್ಲಿ ಅಲ್ಲಿ ತೆರೆದ ಜೀವರಸಾಯನ ವಿಭಾಗಕ್ಕೆ ಅವರೇ ಮೊದಲ ಮುಖ್ಯಸ್ಥರು.

ಬಾಟಲಿಯಿಂದ ಕೋಟಿ ಲೀಟರಿಗೆ ದಾಟಿಸಿದ್ದು ಎಂಜಿನಿಯರುಗಳ ದುಡಿಮೆ. ಗಾಳಿ ಊದುವುದಕ್ಕೇ ವಿಪರೀತ ಕರೆಂಟು ಬೇಕು. ಸ್ಥಾವರದ ಕೊಳವೆಗಳಲ್ಲಿ ಲವಣ ಕಟ್ಟದಂತೆ, ಪಾಚಿ ಬೆಳೆಯದಂತೆ ನೀರನ್ನು ಮತ್ತೊಂದು ಹಂತ ಶುದ್ಧಗೊಳಿಸಬೇಕು. ಇಷ್ಟಾದಾಗ ಪೆಂಚ್‌ನ ನೀರು ಊರಿಗೆ ಉಳಿಯುತ್ತದೆ.

ಕೋರಾಡಿಯ ಬೂದಿಗೆ ಮಾತ್ರ ಇಂಥ ದಾರಿ ಪೂರ್ತಿ ಸಿಕ್ಕಿರಲಿಲ್ಲ. 2022ರ ಜುಲೈ ಮಳೆಗೆ ಖಸಾಳಾದಲ್ಲಿರುವ ಸ್ಥಾವರದ ಬೂದಿಕೆರೆಯ ಏರಿ ಒಡೆದು, ಬೂದಿನೀರು ಹಳ್ಳ ಹೊಲಗಳಿಗೆ ನುಗ್ಗಿತು.