ನಿಮಗಿದು ಗೊತ್ತೇ? ದೊರೆ, ದೂತ ಮತ್ತು ಕೋರ್ಟು

ಪರದೇಶದ ಸರ್ಕಾರವನ್ನಾಗಲಿ ಅದರ ರಾಯಭಾರಿಯನ್ನಾಗಲಿ ಸುಲಭವಾಗಿ ನಮ್ಮ ಕೋರ್ಟಿಗೆ ಎಳೆಯಲಾಗದು. ಈ ರಕ್ಷಣೆ ಸಿಗುವುದು ಅವರು ಹೊತ್ತ ಹೊಣೆಗೆ. ಅದರ ಕಥೆಯ ಒಂದು ಎಳೆ ಚಿತ್ರದುರ್ಗದ ನೆಲದಲ್ಲೂ ಇದೆ.

● ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕ ಶಾಸನ ಶುರುವಾಗುವುದೇ ಕುಶಲ ವಿಚಾರಣೆಯಿಂದ. ಸುವರ್ಣಗಿರಿಯ ಆರ್ಯಪುತ್ರ (ರಾಜಕುಮಾರ) ಮತ್ತು ಮಹಾಮಾತ್ರರು (ಹಿರಿಯ ಅಧಿಕಾರಿಗಳು) ಇಸಿಲದ ಮಹಾಮಾತ್ರರಿಗೆ ಆರೋಗ್ಯ ಹಾರೈಸುತ್ತಾರೆ. ಇದೇ ಅಶೋಕ ತನ್ನ ಹದಿಮೂರನೆಯ ಬಂಡೆ ಶಾಸನದಲ್ಲಿ ಐವರು ಗ್ರೀಕ್ ಅರಸರನ್ನು ಹೆಸರಿಸಿ, ತನ್ನ ದೂತರ ವಿಷಯವನ್ನೂ ಹೇಳುತ್ತಾನೆ.

● ದೂತನು ಅರಸನ ಬಾಯಿ, ಅವನು ಯಾವ ಕುಲದವನಾದರೂ ಕೊಲ್ಲಬಾರದು ಎನ್ನುತ್ತದೆ ಕೌಟಿಲ್ಯನ ಅರ್ಥಶಾಸ್ತ್ರ. ಸಂಧಾನಕ್ಕೆ ಬಂದ ಕೃಷ್ಣನನ್ನು ಕಟ್ಟಿಹಾಕಲು ಹೊರಟ ದುರ್ಯೋಧನ ಮೀರಿದ್ದು ಈ ಮರ್ಯಾದೆಯನ್ನೇ.

● ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಮೈಸೂರು ಸಂಸ್ಥಾನದಲ್ಲಿದ್ದವು. ನೆರೆಯ ಬಳ್ಳಾರಿ ಮದ್ರಾಸ್ ಪ್ರಾಂತ್ಯದ್ದು. ಬಳ್ಳಾರಿಯವರು ಬ್ರಿಟಿಷ್ ಇಂಡಿಯಾದ ಕೋರ್ಟಿನಲ್ಲಿ ಮೈಸೂರು ಮಹಾರಾಜರ ಮೇಲೆ ದಾವೆ ಹೂಡಬೇಕಿದ್ದರೆ, 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 86ನೇ ಕಲಮಿನಂತೆ ಗವರ್ನರ್ ಜನರಲ್ ಸರ್ಕಾರದ ಒಪ್ಪಿಗೆ ಬೇಕಿತ್ತು.

● ಹಾಗೆಂದು ಮಹಾರಾಜರ ಸರ್ಕಾರ ಪೂರ್ಣ ಸ್ವತಂತ್ರವಾಗಿರಲಿಲ್ಲ. ಮದ್ರಾಸಿನೊಡನೆ ಆದ 1892ರ ಒಪ್ಪಂದದ ನದಿಗಳ ಪಟ್ಟಿಯಲ್ಲಿ ವೇದಾವತಿಯೂ ಇತ್ತು. ಮದ್ರಾಸಿನ ಒಪ್ಪಿಗೆಯಿಲ್ಲದೆ ಅಂಥ ನದಿಗೆ ಹೊಸ ನೀರಾವರಿ ಜಲಾಶಯ ಕಟ್ಟುವಂತಿರಲಿಲ್ಲ. ಹಿರಿಯೂರಿನ ವಾಣಿವಿಲಾಸ ಸಾಗರ ಎದ್ದುನಿಂತದ್ದು ಆ ಒಪ್ಪಂದದ ನಂತರ.

● 1912ರಲ್ಲಿ ಲಂಡನ್ನಿನ ಕೋರ್ಟು, ಬರೋಡಾದ ಮಹಾರಾಜರು ಆಳುವ ದೊರೆ ಎಂಬ ಕಾರಣಕ್ಕೆ ಅವರನ್ನು ಒಂದು ವಿಚ್ಛೇದನ ಪ್ರಕರಣದಿಂದ ಕೈಬಿಟ್ಟಿತು. ಭಾರತದ ಮಾಜಿ ಅರಸರ ಮನ್ನಣೆ, ರಾಜಧನ ಎರಡೂ 1971ರ 26ನೇ ಸಂವಿಧಾನ ತಿದ್ದುಪಡಿಯಿಂದ ಕೊನೆಗೊಂಡವು. ಮೈಸೂರಿನ ರಾಜಧನ ವರ್ಷಕ್ಕೆ 26 ಲಕ್ಷ ರೂಪಾಯಿ ಇತ್ತು.

● 86ನೇ ಕಲಮು ಈಗಲೂ ಜಾರಿಯಲ್ಲಿದೆ. ವಿದೇಶಿ ಸರ್ಕಾರದ ಮೇಲೆ ದಾವೆ ಹೂಡಲು ಕೇಂದ್ರ ಸರ್ಕಾರದ ಲಿಖಿತ ಒಪ್ಪಿಗೆ ಬೇಕು. ಆದರೆ ವಿದೇಶಿ ಸರ್ಕಾರದ ಕಟ್ಟಡ, ಜಮೀನಿನಲ್ಲಿ ಬಾಡಿಗೆಗಿರುವವರು ಆ ಹಕ್ಕಿನ ಮೇಲೆ ದಾವೆ ಹೂಡಲು ಒಪ್ಪಿಗೆ ಕೇಳಬೇಕಿಲ್ಲ.

● ವಿದೇಶಿ ಸರ್ಕಾರದ ವ್ಯಾಪಾರಕ್ಕೂ ಇದೇ ರಕ್ಷಣೆಯೇ? 2011ರಲ್ಲಿ, ಅಲ್ಲಿನ ಸರ್ಕಾರದ ಒಡೆತನದ ಇಥಿಯೋಪಿಯನ್ ಏರ್‌ಲೈನ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಲ್ಲ ಎಂದಿತು. ಸರಕು ತಡವಾಗಿ ತಲುಪಿದ್ದಕ್ಕೆ ಗ್ರಾಹಕರು ನ್ಯಾಯ ಕೇಳಬಹುದು.

● ರಾಯಭಾರಿಗಳ ರಕ್ಷಣೆಗೆ ಆಧಾರ 1961ರ ವಿಯೆನ್ನಾ ಒಪ್ಪಂದ. ಭಾರತ 1965ರಲ್ಲಿ ಅದನ್ನು ಒಪ್ಪಿ, 1972ರಲ್ಲಿ ಕಾಯ್ದೆ ಮಾಡಿತು. ಬಂಧನವಿಲ್ಲ ನಿಜ. ಆದರೂ ಇಲ್ಲಿನ ಕಾನೂನು ಪಾಲಿಸುವುದು ಅವರ ಕರ್ತವ್ಯ ಎಂದು ಅದೇ ಒಪ್ಪಂದ ಹೇಳುತ್ತದೆ.

● ಹಿರಿಯೂರು, ಚಿತ್ರದುರ್ಗ ಹಾಯುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ನೀಲಿ ನಂಬರ್ ಪ್ಲೇಟಿನ ಕಾರು ಕಂಡರೆ ಅಕ್ಷರ ಗಮನಿಸಿ. ‘ಸಿಡಿ’ ಎಂದರೆ ರಾಯಭಾರ ಕಚೇರಿಯದು, ‘ಸಿಸಿ’ ಎಂದರೆ ಕಾನ್ಸುಲೇಟಿನದು. ಕಾನ್ಸುಲೇಟ್ ಅಧಿಕಾರಿಯ ವಾಹನದಿಂದ ಅಪಘಾತವಾದರೆ, ಪರಿಹಾರದ ದಾವೆಗೆ ಕಾನ್ಸುಲೇಟುಗಳ ಕುರಿತ 1963ರ ವಿಯೆನ್ನಾ ಒಪ್ಪಂದದಂತೆ ರಕ್ಷಣೆಯ ಅಡ್ಡಿಯಿಲ್ಲ.

● ರಕ್ಷಣೆಯನ್ನು ಬಿಟ್ಟುಕೊಡುವ ಅಧಿಕಾರ ಅಧಿಕಾರಿಯದಲ್ಲ, ಅವರನ್ನು ಕಳಿಸಿದ ದೇಶದ್ದು. 1997ರಲ್ಲಿ ವಾಷಿಂಗ್ಟನ್ನಿನಲ್ಲಿ ಜಾರ್ಜಿಯಾದ ರಾಯಭಾರ ಕಚೇರಿ ಅಧಿಕಾರಿಯ ಕಾರಿಗೆ ಹದಿಹರೆಯದ ಹುಡುಗಿ ಬಲಿಯಾದಳು. ಜಾರ್ಜಿಯಾ ರಕ್ಷಣೆ ಬಿಟ್ಟುಕೊಟ್ಟಿತು, ಆ ಅಧಿಕಾರಿ ಜೈಲಿಗೆ ಹೋದರು. ಬಿಟ್ಟುಕೊಡದ ದೇಶದ ಅಧಿಕಾರಿಯನ್ನು ನಾವು ಹೊರಗೆ ಕಳಿಸಬಹುದು.

● ಈ ಕಾನೂನು ದೊಡ್ಡವರಿಗಷ್ಟೇ ಅಲ್ಲ. ಹೊಸದುರ್ಗದಿಂದಲೋ ಹೊಳಲ್ಕೆರೆಯಿಂದಲೋ ವಿದೇಶಕ್ಕೆ ದುಡಿಯಲು ಹೋದವರು ಬಂಧನಕ್ಕೊಳಗಾದರೆ, ಭಾರತದ ಕಚೇರಿಗೆ ತಿಳಿಸಿ ಎಂದು ಕೇಳುವ ಹಕ್ಕು 1963ರ ಒಪ್ಪಂದದ 36ನೇ ವಿಧಿಯಲ್ಲಿದೆ. ಭಾರತೀಯ ಕುಲಭೂಷಣ್ ಜಾಧವ್ ಬಂಧನದ ಪ್ರಕರಣದಲ್ಲಿ ಪಾಕಿಸ್ತಾನ ಇದನ್ನೇ ಉಲ್ಲಂಘಿಸಿದೆ ಎಂದು ಅಂತರರಾಷ್ಟ್ರೀಯ ನ್ಯಾಯಾಲಯ 2019ರ ಜುಲೈ 17ರಂದು ತೀರ್ಪಿತ್ತಿತು. ಪರದೇಶಕ್ಕೆ ಹೊರಟ ಪ್ರತಿಯೊಬ್ಬರಿಗೂ, ಅವರ ಮನೆಯವರಿಗೂ ಈ ಹಕ್ಕು ತಿಳಿದಿರಲೇಬೇಕು.