ಮೊಟ್ಟೆಯ ಕಾಲ ಸರಿದಿದೆ, ನಿಷೇಧದ ದಿನಾಂಕ ಸರಿದಿಲ್ಲ

ದೆಹಲಿಯ ಪೂಸಾದಲ್ಲಿರುವ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ಎಂದರೆ ಗೋಧಿ, ಭತ್ತ, ಹಸಿರು ಕ್ರಾಂತಿ ನೆನಪಿಗೆ ಬರುತ್ತವೆ. ಕಡಲ ಮೀನು ಬರುವುದಿಲ್ಲ. ಆದರೆ ಬಿಸಿಯಾಗುತ್ತಿರುವ ಕಡಲು ನಮ್ಮ ಮೀನುಗಳಿಗೆ ಏನು ಮಾಡುತ್ತಿದೆ ಎಂಬ ಅಧ್ಯಯನಕ್ಕೆ ನೆಲೆ ಒದಗಿಸಿದ ಯೋಜನೆಯೊಂದು ಇಲ್ಲಿಂದ ನಡೆಯಿತು. 2004ರಲ್ಲಿ ಶುರುವಾದ, ಪಿ.ಕೆ. ಅಗರ್‌ವಾಲ್ ಸಂಯೋಜಿಸಿದ ಹವಾಮಾನ ಬದಲಾವಣೆಯ ಜಾಲ ಯೋಜನೆಯಲ್ಲಿ ಬೆಳೆ, ಜಾನುವಾರುಗಳ ಜೊತೆ ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಗೂ ಜಾಗ ಸಿಕ್ಕಿತು. ಆ ಸಂಸ್ಥೆಯ ಇ. ವಿವೇಕಾನಂದನ್ ಮತ್ತು ಸಂಗಡಿಗರ ಆ ಕಾಲದ ಕೆಲಸದಿಂದ ಹೊರಬಿದ್ದ ಒಂದು ಸಂಗತಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ: ಮೀನುಗಳು ಜಾಗವನ್ನಷ್ಟೇ ಅಲ್ಲ, ಮೊಟ್ಟೆಯಿಡುವ ಕಾಲವನ್ನೂ ಬದಲಿಸುತ್ತಿವೆ. ಹಾಗಿದ್ದ ಮೇಲೆ ಮೀನುಗಾರಿಕೆ ನಿಷೇಧದ ದಿನಾಂಕಗಳನ್ನು ಕ್ಯಾಲೆಂಡರ್ ನೋಡಿ ಕಾಯಂ ಮಾಡಿಬಿಡುವುದು ಸರಿಯಲ್ಲ.

ಕರಾವಳಿಯಲ್ಲಿ ಮದ್ಮಲ್ ಎಂದು ಕರೆಯುವ ಗುಲಾಬಿ ಮೀನಿನ ಜಾತಿಯನ್ನೇ ನೋಡಿ. ಸಂಶೋಧಕರು ದಕ್ಕೆಯಲ್ಲಿ ಬುಟ್ಟಿಯಿಂದ ಮೀನು ಆರಿಸಿ, ಉದ್ದ ಅಳೆದು, ಹೊಟ್ಟೆ ಸೀಳಿ, ಅಂಡಾಶಯ ಎಷ್ಟು ಬಲಿತಿದೆ ಎಂದು ದಾಖಲಿಸುತ್ತಾರೆ. ಯಾವ ತಿಂಗಳಲ್ಲಿ ಎಷ್ಟು ಮೀನು ಮೊಟ್ಟೆಗೆ ಸಿದ್ಧವಾಗಿತ್ತು ಎಂಬುದು ಹೀಗೆ ವರ್ಷಗಟ್ಟಲೆ ಸೇರುತ್ತಾ ಹೋಗುತ್ತದೆ. ಚೆನ್ನೈ ಕಡಲಿನ ಅಂಥ ದಾಖಲೆಗಳ ಪ್ರಕಾರ, 1980ರ ದಶಕದ ಮೊದಲಲ್ಲಿ ಮೊಟ್ಟೆಯಿಡುವ ಮದ್ಮಲ್‌ಗಳಲ್ಲಿ ಸುಮಾರು ಶೇ 35ರಷ್ಟು ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಬಿಸಿ ತಿಂಗಳುಗಳಲ್ಲಿ ಸಿಗುತ್ತಿದ್ದವು. 2000ದ ನಂತರದ ವರ್ಷಗಳಲ್ಲಿ ಈ ಪಾಲು ಶೇ 5ಕ್ಕೆ ಇಳಿಯಿತು; ಉಳಿದದ್ದೆಲ್ಲ ತಂಪಾದ ತಿಂಗಳುಗಳಿಗೆ ಸರಿಯಿತು. ಪೂರ್ವ ಕರಾವಳಿಯ ನಿಷೇಧ ಮಾತ್ರ ಏಪ್ರಿಲ್ 15ರಿಂದ ಜೂನ್ 14ರವರೆಗೆ, ನಮ್ಮ ಪಶ್ಚಿಮ ಕರಾವಳಿಯದು ಜೂನ್ 1ರಿಂದ ಜುಲೈ 31ರವರೆಗೆ. ಮೀನು ಮೊಟ್ಟೆಯಿಡಲಿ, ಮರಿ ಉಳಿಯಲಿ ಎಂಬುದೇ ಈ 61 ದಿನಗಳ ಮುಖ್ಯ ಉದ್ದೇಶ.

ಮೀನಿನ ಏರಿಳಿತ ಹೊಸದೇನಲ್ಲ, ಅದಕ್ಕೆಲ್ಲ ಹವಾಮಾನ ಬದಲಾವಣೆಯ ಹಣೆಪಟ್ಟಿ ಯಾಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಬೂತಾಯಿ (ಆಯಿಲ್ ಸಾರ್ಡೀನ್) ಮೀನನ್ನು 20ನೇ ಶತಮಾನದ ಆರಂಭದಲ್ಲೇ ಮದ್ರಾಸ್ ಸರ್ಕಾರದ ಜೇಮ್ಸ್ ಹಾರ್ನೆಲ್ ಅಧ್ಯಯನ ಮಾಡಿದ್ದರು. 1940ರ ದಶಕದಲ್ಲಿ ಅದು ಹೆಚ್ಚುಕಡಿಮೆ ಕಾಣೆಯಾಗಿ ಮರಳಿತ್ತು. 1966ರಲ್ಲಿ ಸಂಶೋಧಕರಾದ ಮೂರ್ತಿ ಮತ್ತು ಎಡೆಲ್‌ಮನ್ ಮುಂಗಾರಿನ ಬಿರುಸಿಗೂ ಬೂತಾಯಿಗೂ ಇರುವ ನಂಟನ್ನು ಪರಿಶೀಲಿಸಿದರು. ಮೊಟ್ಟೆಯಿಡುವ ಹೊತ್ತಿನ ಮಳೆಯತ್ತ ಇನ್ನೊಬ್ಬ ಸಂಶೋಧಕ ಆಂಟನಿ ರಾಜಾ ಗಮನ ಸೆಳೆದರು. ಮುಂಗಾರಿನ ಗಾಳಿ ಮೇಲಿನ ನೀರನ್ನು ದಡದಿಂದಾಚೆ ತಳ್ಳಿದಾಗ ಅಡಿಯ ತಣ್ಣೀರು ಪೋಷಕಾಂಶ ಹೊತ್ತು ಮೇಲೇಳುತ್ತದೆ, ಸೂಕ್ಷ್ಮ ಸಸ್ಯಗಳು ಹುಲುಸಾಗುತ್ತವೆ, ಬೂತಾಯಿ ಅವನ್ನು ಮೇಯುತ್ತದೆ. ಹೀಗಾಗಿ ಒಂದು ವರ್ಷದ ಕುಸಿತ ಏನನ್ನೂ ಸಾಬೀತುಪಡಿಸದು. ಕೇರಳದಲ್ಲಿ 2012ರಲ್ಲಿ 3.9 ಲಕ್ಷ ಟನ್ ಸಿಕ್ಕ ಬೂತಾಯಿ 2021ರಲ್ಲಿ 3,297 ಟನ್‌ಗೆ ಇಳಿದು, ಮರುವರ್ಷವೇ ಲಕ್ಷ ಟನ್ ದಾಟಿತು. ನಾನು ನೆಚ್ಚುವುದು ಏರಿಳಿತವನ್ನಲ್ಲ, ದಶಕಗಳ ಕಾಲ ಒಂದೇ ದಿಕ್ಕಿಗೆ ನಡೆದ ಬದಲಾವಣೆಯನ್ನು. 1985ಕ್ಕೆ ಮುಂಚೆ ಬಹುತೇಕ ಮಲಬಾರ್ ಮತ್ತು ಕರ್ನಾಟಕದ ಕಡಲಲ್ಲೇ ಸಿಗುತ್ತಿದ್ದ ಬೂತಾಯಿ ಆಮೇಲೆ ಉತ್ತರಕ್ಕೂ ಪೂರ್ವ ಕರಾವಳಿಗೂ ಹಬ್ಬಿತು. ಮೇಲ್ನೀರಿನ ಬಂಗುಡೆ ಆಳಕ್ಕಿಳಿಯಿತು: 1985ರ ಸುಮಾರಿಗೆ ಒಟ್ಟು ಬಂಗುಡೆಯಲ್ಲಿ ತಳ ಗುಡಿಸುವ ಟ್ರಾಲ್ ಬಲೆಗೆ ಬೀಳುತ್ತಿದ್ದುದು ಶೇ 2ರಷ್ಟು, 2003–2007ರಲ್ಲಿ ಶೇ 15ರಷ್ಟು. ಇತ್ತ ಪುಣೆಯ ಹವಾಮಾನ ವಿಜ್ಞಾನಿ ರಾಕ್ಸಿ ಮ್ಯಾಥ್ಯೂ ಕೋಲ್ ತಂಡ, ಪಶ್ಚಿಮ ಹಿಂದೂ ಮಹಾಸಾಗರದ ಮೇಲ್ಮೈ 1901ರಿಂದ 2012ರೊಳಗೆ ಬೇಸಿಗೆಯಲ್ಲಿ 1.2 ಡಿಗ್ರಿ ಸೆಲ್ಸಿಯಸ್ ಬಿಸಿಯಾಗಿದೆ ಎಂದು ಲೆಕ್ಕಹಾಕಿತು. ಬಿಸಿ ನೀರು ಹಗುರ. ಅದು ಮೇಲೆ ಹರಡಿಕೊಂಡಷ್ಟೂ ಅಡಿಯ ಪೋಷಕಾಂಶ ಬೆಳಕಿಗೆ ಬರುವುದು ಕಷ್ಟ.

ಮಿತಿಮೀರಿ ಹಿಡಿಯುವುದೇ ನಿಜವಾದ ಕಾರಣ ಎಂಬ ಇನ್ನೊಂದು ವಾದದಲ್ಲಿ ಬಹಳಷ್ಟು ಸತ್ಯವಿದೆ. ದಡದಿಂದ ಎಳೆಯುವ ರಂಪಣಿ ಬಲೆಯನ್ನು ಪರ್ಸೀನ್ ಬೋಟುಗಳು ಬದಿಗೊತ್ತಿದ್ದನ್ನು ನಮ್ಮ ಕರಾವಳಿ ಕಂಡಿದೆ. ಬಂಗುಡೆ ಟ್ರಾಲ್‌ಗೆ ಹೆಚ್ಚು ಬಿದ್ದುದರಲ್ಲಿ ಬದಲಾದ ಬಲೆಗಳ ಪಾಲೂ ಇರಬಹುದು. ಆದರೆ ಬೋಟು ಹೆಚ್ಚಿದ ಮಾತ್ರಕ್ಕೆ ಮೊಟ್ಟೆಯಿಡುವ ಕಾಲ ಬೇಸಿಗೆಯಿಂದ ಚಳಿಗಾಲದತ್ತ ಸರಿಯುವುದೇಕೆ? ಅಲ್ಲದೆ ಎರಡೂ ಹೊಡೆತ ಬೀಳುವುದು ಒಂದೇ ಮೀನಿಗೆ. ಕಡಲಿನ ಬಿಸಿಯನ್ನು ಇಲಾಖೆಯೊಂದು ಇಳಿಸಲಾರದು, ಬಲೆ ನಿಲ್ಲುವ ದಿನವನ್ನು ಮಾತ್ರ ಅದು ನಿರ್ಧರಿಸಬಲ್ಲದು.

ನಿಷೇಧ ಒಂದೇ ಜಾತಿಗಾಗಿ ಇರುವುದಲ್ಲ, ಬೂತಾಯಿಯಂಥವು ಇಂದಿಗೂ ಮುಂಗಾರಿನಲ್ಲೇ ಮೊಟ್ಟೆಯಿಡುತ್ತವೆ ಎಂಬುದು ನಿಜ. ಆದ್ದರಿಂದ ಈಗಿನ 61 ದಿನಗಳನ್ನು ಕೈಬಿಡಿ ಎಂದು ನಾನು ಹೇಳುತ್ತಿಲ್ಲ. ದಡದಿಂದ 12 ನಾಟಿಕಲ್ ಮೈಲಿವರೆಗೆ ರಾಜ್ಯಗಳ ಅಧಿಕಾರ, ಅದರಾಚೆ ಕೇಂದ್ರದ್ದು; ಮೀನಿಗೆ ಈ ಗೆರೆ ಗೊತ್ತಿಲ್ಲ. ಕರಾವಳಿ ರಾಜ್ಯಗಳನ್ನು ಒಟ್ಟಿಗೆ ಕೂರಿಸಬಲ್ಲದ್ದು ದೆಹಲಿ ಮಾತ್ರ. ಬಂದರುಗಳಿಂದ ಬರುವ ಅಂಡಾಶಯದ ದಾಖಲೆಗಳನ್ನು ಕೆಲವು ವರ್ಷಗಳಿಗೊಮ್ಮೆ ಮುಂದಿಟ್ಟುಕೊಂಡು ನಿಷೇಧದ ದಿನಾಂಕಗಳನ್ನು ಪರಿಶೀಲಿಸಲಿ, ಕಾಲ ಸರಿದ ಜಾತಿಗಳಿಗೆ ಬೇರೆ ರಕ್ಷಣೆ ಕೊಡಲಿ, ಬಿಡುವಿನ ದಿನಗಳ ನಷ್ಟ ಮೀನುಗಾರರ ತಲೆಗೇ ಬೀಳದಂತೆ ಪರಿಹಾರವನ್ನೂ ಅದರೊಟ್ಟಿಗೇ ತೀರ್ಮಾನಿಸಲಿ.