ಮಾಳಿಗೆಯ ಬಿಸಿಲಿಗೆ ಲೆಕ್ಕ

ರೋಣ, ನರಗುಂದ, ಗಜೇಂದ್ರಗಡಗಳ ಜನರಿಗೆ ಬಿಸಿಲಿನ ಪರಿಚಯವನ್ನು ಯಾರೂ ಮಾಡಿಕೊಡಬೇಕಾಗಿಲ್ಲ. ಗದಗ ಜಿಲ್ಲೆಯ ಈ ಮೂರು ಊರುಗಳೂ ಹೆಚ್ಚುಕಡಮೆ ಒಂದೇ ಅಕ್ಷಾಂಶದಲ್ಲಿ, ಸಮಭಾಜಕ ವೃತ್ತದಿಂದ ಸುಮಾರು 15.7 ಡಿಗ್ರಿ ಉತ್ತರಕ್ಕೆ ಇವೆ. ಆದುದರಿಂದ ಮೇ ತಿಂಗಳ ಮೊದಲಲ್ಲಿ ಒಮ್ಮೆ, ಆಗಸ್ಟ್ ತಿಂಗಳ ಎರಡನೆಯ ವಾರದಲ್ಲಿ ಮತ್ತೊಮ್ಮೆ, ನಡುಹಗಲಿನ ಸೂರ್ಯನು ಇವುಗಳ ನೆತ್ತಿಯ ಮೇಲೆಯೇ ಬರುತ್ತಾನೆ. ಇಂತಹ ನಾಡಿನಲ್ಲಿ ಸ್ವಂತ ಮನೆಯನ್ನು ತಾವೇ ಮುಂದೆ ನಿಂತು ಕಟ್ಟಿಸಿಕೊಂಡವರು ಮಾಳಿಗೆಯ ಮೇಲೆ ಸೌರಫಲಕಗಳನ್ನು ಇಡಲು ಬಯಸುವುದು ಸಹಜವೇ ಆಗಿದೆ. ಆದರೆ ಫಲಕವನ್ನು ಕೂರಿಸಿದ ಮಾತ್ರಕ್ಕೆ ಹಣ ಬರುವುದಿಲ್ಲ, ಅದನ್ನು ನೋಂದಾಯಿಸಬೇಕು. ಈ ನೋಂದಣಿಯು ಬರಿಯ ಕಾಗದದ ಕಾಟವೆಂದು ಹಲವರು ಗೊಣಗುವರು. ಅದರ ಹಿಂದೆ ಇರುವ ವಿಜ್ಞಾನವನ್ನು ನಾವು ಇಲ್ಲಿ ನೋಡೋಣ.

ಸೌರಫಲಕದ ಮುಖ್ಯ ದ್ರವ್ಯ ಸಿಲಿಕಾನ್. ಬೆಳಕು ಬಿದ್ದಾಗ ಅದರೊಳಗಿನ ಎಲೆಕ್ಟ್ರಾನುಗಳು ತಮ್ಮ ನೆಲೆಯಿಂದ ಬಿಡುಗಡೆ ಹೊಂದಿ ಒಂದೇ ದಿಕ್ಕಿಗೆ ಹರಿಯತೊಡಗುತ್ತವೆ. ಇದೇ ವಿದ್ಯುತ್ ಪ್ರವಾಹ. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯವು ಇಂತಹ ಕೋಶವನ್ನು ತೋರಿಸಿದಾಗ ಅದು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಆರು ಪಾಲನ್ನು ಮಾತ್ರ ವಿದ್ಯುತ್ತಾಗಿ ಮಾರ್ಪಡಿಸುತ್ತಿದ್ದಿತು. ಇಂದಿನ ಒಳ್ಳೆಯ ಫಲಕಗಳು ಇಪ್ಪತ್ತು ಪಾಲಿಗೂ ಮೀರಿ ಮಾರ್ಪಡಿಸುತ್ತವೆ. ಒಂದು ಕಿಲೋವ್ಯಾಟ್ ಸಾಮರ್ಥ್ಯದ ಫಲಕಗಳಿಗೆ ಸುಮಾರು ನೂರು ಚದರ ಅಡಿ ಜಾಗ ಬೇಕು. ಸರಾಸರಿಯಲ್ಲಿ ಅವು ದಿನಕ್ಕೆ ನಾಲ್ಕು ಯೂನಿಟ್‌ನಷ್ಟು ವಿದ್ಯುತ್ತನ್ನು ಕೊಡುತ್ತವೆ.

ಫಲಕದಿಂದ ಬರುವುದು ಏಕಮುಖ ಪ್ರವಾಹ. ಬೀದಿಯ ತಂತಿಯಲ್ಲಿ ಹರಿಯುವುದು ಸೆಕೆಂಡಿಗೆ ಐವತ್ತು ಆವರ್ತನಗಳ ಪರ್ಯಾಯ ಪ್ರವಾಹ. ಮೊದಲನೆಯದನ್ನು ಎರಡನೆಯದಾಗಿ ಪರಿವರ್ತಿಸುವ ಉಪಕರಣವೇ ಇನ್ವರ್ಟರ್. ಹಗಲಿನಲ್ಲಿ ಮನೆಗೆ ಬೇಕಾದುದನ್ನು ಬಳಸಿ ಉಳಿದ ವಿದ್ಯುತ್ತು ಬೀದಿಯ ತಂತಿಗೆ ಹೋಗುತ್ತದೆ. ರಾತ್ರಿ ನಮಗೆ ಬೇಕಾದುದು ಅಲ್ಲಿಂದಲೇ ಬರುತ್ತದೆ. ಕೊಟ್ಟದ್ದನ್ನೂ ಕೊಂಡದ್ದನ್ನೂ ಬೇರೆಬೇರೆಯಾಗಿ ಬರೆದಿಡುವ ಮೀಟರಿಗೆ ದ್ವಿಮುಖ ಮೀಟರ್ ಎಂದು ಹೆಸರು.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಮೂರು ಕಿಲೋವ್ಯಾಟ್ ಫಲಕಗಳು ತಿಂಗಳಿಗೆ 360 ಯೂನಿಟ್ ಉತ್ಪಾದಿಸಿದವೆನ್ನಿ. ಅದರಲ್ಲಿ 90 ಯೂನಿಟ್ ಹಗಲಿನಲ್ಲಿ ಮನೆಯಲ್ಲಿಯೇ ಖರ್ಚಾಗಿ 270 ಬೀದಿಗೆ ಹೋಯಿತು. ರಾತ್ರಿಗಳಲ್ಲಿ 120 ಯೂನಿಟ್ ಬೀದಿಯಿಂದ ಬಂದಿತು. ದ್ವಿಮುಖ ಮೀಟರಿನ ಪ್ರಕಾರ ಮನೆಯವನಿಗೆ 150 ಯೂನಿಟ್‌ಗಳ ಹಣ ಸಲ್ಲಬೇಕು. ಆದರೆ ಸಾಮಾನ್ಯ ಎಲೆಕ್ಟ್ರಾನಿಕ್ ಮೀಟರುಗಳಲ್ಲಿ ಅನೇಕವು ಪ್ರವಾಹದ ದಿಕ್ಕನ್ನು ಗಣಿಸುವುದಿಲ್ಲ. ಹೋದದ್ದನ್ನೂ ಬಂದದ್ದರೊಡನೆ ಕೂಡಿಸಿಬಿಡುತ್ತವೆ. ಅಂತಹ ಮೀಟರಿನಲ್ಲಿ ಇದೇ ಮನೆಯ ಲೆಕ್ಕ 390 ಯೂನಿಟ್ ಬಳಕೆ ಎಂದು ಮೂಡುವುದು! ನೋಂದಾಯಿಸದೆ ಫಲಕವನ್ನು ಜೋಡಿಸಿದವನು ತಾನು ದಾನಮಾಡಿದ ವಿದ್ಯುತ್ತಿಗೆ ತಾನೇ ಹಣ ತೆರಬೇಕಾಗಿ ಬರಬಹುದು.

ಇದಕ್ಕಿಂತ ದೊಡ್ಡ ಕಾರಣವೊಂದಿದೆ. ಅದು ಪ್ರಾಣಕ್ಕೆ ಸಂಬಂಧಿಸಿದ್ದು. ಲೈನ್‌ಮನ್ ವಿದ್ಯುತ್ತನ್ನು ನಿಲ್ಲಿಸಿ ಕಂಬವನ್ನೇರಿದಾಗ ಯಾವುದೋ ಮಾಳಿಗೆಯಿಂದ ಪ್ರವಾಹ ಬಂದರೆ ಗತಿಯೇನು? ಆದುದರಿಂದ ಬೀದಿಯ ವಿದ್ಯುತ್ತು ನಿಂತೊಡನೆ ಇನ್ವರ್ಟರೂ ತಾನಾಗಿ ನಿಲ್ಲಬೇಕು. ಪರಿಶೀಲನೆಗೆ ಬರುವವರು ನೋಡುವ ಮುಖ್ಯ ಸಂಗತಿಗಳಲ್ಲಿ ಇದೊಂದು. ಬ್ಯಾಟರಿಯಿಲ್ಲದ ಇಂತಹ ವ್ಯವಸ್ಥೆಯು ಬೀದಿಯಲ್ಲಿ ಕತ್ತಲಾದಾಗ ಮನೆಗೂ ಬೆಳಕು ಕೊಡದೆಂಬುದನ್ನು ಕೊಳ್ಳುವವರು ಮೊದಲೇ ತಿಳಿದಿರಬೇಕು.

ಈ ಮೂರು ತಾಲ್ಲೂಕುಗಳಿಗೂ ವಿದ್ಯುತ್ತನ್ನು ಒದಗಿಸುವುದು ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿ, ಎಂದರೆ ಹೆಸ್ಕಾಂ. 2024ರ ಫೆಬ್ರವರಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯು ಒಂದು ಕೋಟಿ ಮನೆಗಳನ್ನು ಗುರಿಯಾಗಿ ಇಟ್ಟುಕೊಂಡಿದೆ. ಅದರಲ್ಲಿ ಒಂದು ಕಿಲೋವ್ಯಾಟಿಗೆ 30,000 ರೂಪಾಯಿ, ಎರಡಕ್ಕೆ 60,000, ಮೂರಕ್ಕೂ ಅದಕ್ಕೆ ಮೇಲ್ಪಟ್ಟುದಕ್ಕೂ 78,000 ರೂಪಾಯಿ ಕೇಂದ್ರದ ಸಹಾಯಧನವೆಂದು ಗೊತ್ತುಮಾಡಲಾಯಿತು. ಇದನ್ನು ಪಡೆಯಲು ಭಾರತದಲ್ಲಿಯೇ ತಯಾರಾದ ಕೋಶಗಳ ಫಲಕಗಳನ್ನು, ನೋಂದಾಯಿತ ಮಾರಾಟಗಾರನಿಂದ ಹಾಕಿಸಬೇಕು. ಅರ್ಜಿಯಲ್ಲಿ ಹೆಸ್ಕಾಂ ಬಿಲ್ಲಿನ ಮೇಲಿರುವ ಗ್ರಾಹಕ ಸಂಖ್ಯೆಯನ್ನು ಕೊಡಬೇಕು. ಅದೇ ವರ್ಷದ ತಿದ್ದುಪಡಿಯಾದ ನಿಯಮಗಳಂತೆ ಹತ್ತು ಕಿಲೋವ್ಯಾಟಿನವರೆಗಿನ ಅರ್ಜಿಗಳಿಗೆ ತಾಂತ್ರಿಕ ಸಾಧ್ಯತೆಯ ಪರೀಕ್ಷೆ ಬೇಕಾಗಿಲ್ಲ. ಫಲಕ ಕೂರಿಸಿ, ದ್ವಿಮುಖ ಮೀಟರ್ ಬಂದು, ಪರಿಶೀಲನೆ ಮುಗಿದ ಮೇಲೆಯೇ ಹಣವು ಬ್ಯಾಂಕಿನ ಖಾತೆಗೆ ಸೇರುವುದು.

ತಾವೇ ಮನೆ ಕಟ್ಟಿಸಿದವರ ತೊಡಕು ಇರುವುದು ಇದಕ್ಕೂ ಹಿಂದಿನ ಹೆಜ್ಜೆಯಲ್ಲಿ. ಜಾಗ ತಂದೆಯ ಹೆಸರಿನಲ್ಲಿ, ಮೀಟರು ಅಜ್ಜನ ಹೆಸರಿನಲ್ಲಿ, ಬ್ಯಾಂಕಿನ ಖಾತೆ ಮಗನ ಹೆಸರಿನಲ್ಲಿ ಇರುವುದು ನಮ್ಮ ಊರುಗಳಲ್ಲಿ ಅಪೂರ್ವವಲ್ಲ. ಕಟ್ಟಡದ ಕೆಲಸಕ್ಕೆಂದು ಪಡೆದ ತಾತ್ಕಾಲಿಕ ಸಂಪರ್ಕವನ್ನು ಗೃಹಬಳಕೆಯ ಕಾಯಂ ಸಂಪರ್ಕವಾಗಿ ಬದಲಿಸದೆ ಉಳಿಸಿಕೊಂಡವರೂ ಉಂಟು. ಇದಲ್ಲದೆ, ಸ್ವಾಧೀನ ಪ್ರಮಾಣಪತ್ರ ದೊರೆತ ಮೇಲೆಯೇ ಕಟ್ಟಡಗಳಿಗೆ ವಿದ್ಯುತ್ ಸಂಪರ್ಕ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2024ರ ಡಿಸೆಂಬರಿನಲ್ಲಿ ಆದೇಶಿಸಿದುದರಿಂದ ಕರ್ನಾಟಕದ ಅನೇಕ ಹೊಸ ಮನೆಗಳು ಸಂಪರ್ಕಕ್ಕಾಗಿ ಕಾಯಬೇಕಾಯಿತು. 2025ರಲ್ಲಿ ರಾಜ್ಯ ಸರ್ಕಾರವು 1,200 ಚದರ ಅಡಿಯವರೆಗಿನ ನಿವೇಶನಗಳಲ್ಲಿ ಕಟ್ಟಿದ ಸಣ್ಣ ಮನೆಗಳಿಗೆ ವಿನಾಯಿತಿಯನ್ನು ಸಾರಿತು. ಆದುದರಿಂದ ಮನೆಯ ಖಾತೆ ಮೊದಲು, ಕಾಯಂ ಮೀಟರು ಆಮೇಲೆ, ಫಲಕ ಕೊನೆಗೆ ಎಂಬ ಕ್ರಮವನ್ನು ಹಿಡಿಯುವುದು ಲೇಸು.

ದಿನಾಂಕಕ್ಕೂ ಇಲ್ಲಿ ಬೆಲೆಯುಂಟು. ಜರ್ಮನಿಯು 2000ದ ಕಾಯಿದೆಯಿಂದ ಸೌರವಿದ್ಯುತ್ತಿಗೆ ಇಪ್ಪತ್ತು ವರ್ಷಗಳವರೆಗೆ ಗೊತ್ತಾದ ದರವನ್ನು ಕೊಡತೊಡಗಿತು. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು 2013ರ ಅಕ್ಟೋಬರಿನಲ್ಲಿ ಮಾಳಿಗೆಯ ಸೌರವಿದ್ಯುತ್ತಿಗೆ ಯೂನಿಟ್ ಒಂದಕ್ಕೆ 9 ರೂ. 56 ಪೈಸೆ, ಸಹಾಯಧನ ಪಡೆದವರಿಗೆ 7 ರೂ. 20 ಪೈಸೆ ಎಂದು ನಿಗದಿಮಾಡಿತು. ಫಲಕಗಳ ಬೆಲೆ ಇಳಿದಂತೆಲ್ಲ ಮುಂದಿನ ಆದೇಶಗಳಲ್ಲಿ ಈ ದರವೂ ಇಳಿಯಿತು. ನೆರೆಯವನಿಗೆ ದೊರೆತ ಹಳೆಯ ದರವನ್ನು ನಂಬಿ ಸಾಲ ಮಾಡುವುದು ತರವಲ್ಲ. ತನ್ನ ಒಪ್ಪಂದದ ದರವನ್ನೇ ಓದಿ ನೋಡಬೇಕು. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯಿಂದ ಬಿಲ್ಲೇ ಇಲ್ಲದ ಸಣ್ಣ ಮನೆಗೆ ಬಿಲ್ಲಿನ ಉಳಿತಾಯವೆಂಬ ಲಾಭವಿಲ್ಲ. ತಿಂಗಳಿಗೆ 200 ಯೂನಿಟ್ ಮೀರಿ ಪೂರ್ತಿ ಬಿಲ್ಲು ತೆರುವ ಮನೆಗೆ ಲಾಭ ಹೆಚ್ಚು.

ಕಡೆಗೆ ಮಾಳಿಗೆಯ ಮಾತು. ಹಳೆಯ ಮಣ್ಣಿನ ಮಾಳಿಗೆಯಲ್ಲಿ ಕಬ್ಬಿಣದ ಚೌಕಟ್ಟು ಭದ್ರವಾಗಿ ನಿಲ್ಲದು. ಇಲ್ಲಿನ ಗಾಳಿಯ ಬಲಕ್ಕೆ ಗಜೇಂದ್ರಗಡದ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳೇ ಸಾಕ್ಷಿ. ಫಲಕವು ದಕ್ಷಿಣಕ್ಕೆ ಮುಖಮಾಡಿ ಸುಮಾರು ಹದಿನೈದು ಡಿಗ್ರಿ ಓರೆಯಾಗಿರಬೇಕು. ಗೋಡೆಯ, ನೀರಿನ ತೊಟ್ಟಿಯ ನೆರಳು ಬೀಳಬಾರದು. ಎರೆಹೊಲಗಳ ಧೂಳನ್ನು ಆಗಾಗ ತೊಳೆಯಬೇಕು. ಬೆಳಕು ಹೆಚ್ಚಿದಷ್ಟೂ ವಿದ್ಯುತ್ತು ಹೆಚ್ಚುವುದು ನಿಜ. ಆದರೆ ಕೋಶದ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಏರುವ ಒಂದೊಂದು ಡಿಗ್ರಿಗೂ ಉತ್ಪಾದನೆ ನೂರಕ್ಕೆ ಸುಮಾರು 0.4 ಪಾಲು ತಗ್ಗುತ್ತದೆ. ಆದುದರಿಂದ ಫಲಕದ ಅಡಿಯಲ್ಲಿ ಗಾಳಿಯಾಡಲು ಎಡೆಯಿರಬೇಕು.

ಹತ್ತಿ, ಕಡಲೆಗಳನ್ನು ಬೆಳೆದ ರೈತನು ತೂಕವಾಗದ ಚೀಲಕ್ಕೆ ಬೆಲೆಯನ್ನು ನಿರೀಕ್ಷಿಸುವುದಿಲ್ಲ. ಮಾಳಿಗೆಯ ಮೇಲಿನ ಬೆಳೆಗೂ ಇದೇ ನ್ಯಾಯ. ದ್ವಿಮುಖ ಮೀಟರು ಅದರ ತಕ್ಕಡಿ. ನೋಂದಣಿಯು ಆ ತಕ್ಕಡಿಗೆ ಬಿದ್ದ ಮುದ್ರೆ.